ಕಡಲ ಕೇರಿಯಲ್ಲೊಂದು ಮ್ಯೂಸಿಯಂ ಮಾಡುವುದು ಹೇಗೆ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಆ ಹಡಗು ನೋಡದೆ ಬರುವುದಿಲ್ಲ. ಹೆದ್ದಾರಿಯ ಮಗ್ಗುಲಲ್ಲೇ ಮರಳಿನ ಮೇಲೆ ನಿಂತಿದೆ. ಹೆಸರು ಐಎನ್‌ಎಸ್ ಚಪಲ್. ಸುಮಾರು 38 ಮೀಟರ್ ಉದ್ದದ ಕ್ಷಿಪಣಿ ನೌಕೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಮ್ಯೂಸಿಯಂ ಆಗಿ ಇಲ್ಲಿ ಕೂತಿತು. ಈಗ ಅದಕ್ಕೆ ಜೊತೆಯಾಗಿ ಟುಪೊಲೆವ್ 142 ವಿಮಾನವೂ ಬಂದಿದೆ.

ನಾನು 34 ವರ್ಷ ಅಂಕೋಲಾ, ಕಾರವಾರ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕೋರಾಗಿದ್ದವಳು. ಮಕ್ಕಳನ್ನು ಕಟ್ಟಿಕೊಂಡು ಆ ಹಡಗಿನೊಳಗೆ ಹತ್ತು ಹನ್ನೆರಡು ಸಲವಾದರೂ ಹೋಗಿದ್ದೇನೆ. ಒಂದು ವರ್ಷ ನಾಲ್ಕನೇ ಕ್ಲಾಸಿನ ಒಬ್ಬಳು ಹಡಗಿನಿಂದ ಇಳಿದವಳೇ ಕೇಳಿದಳು: "ಅಕ್ಕೋರೇ, ನಮ್ಮಪ್ಪನ ದೋಣಿ ಹಳೇದಾದ್ರೆ ಅದನ್ನೂ ಇಲ್ಲಿ ಇಡ್ತಾರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. ಅವಳ ಅಪ್ಪನ ದೋಣಿಗೆ ಏನಾಯಿತು ಅಂತ ನನಗೆ ಆಮೇಲೆ ಗೊತ್ತಾಯಿತು. ಒಡೆದು ಸೌದೆ ಮಾಡಿದ್ದರು.

ಚಪಲ್ ಬಗ್ಗೆ ನನ್ನ ತಕರಾರೇನೂ ಇಲ್ಲ. ಮಕ್ಕಳಿಗೆ ಅದು ಬಹಳ ಇಷ್ಟ. ಆದರೆ ಅದು ಹೇಳುವುದು ನೌಕಾಪಡೆಯ ಕತೆ. ಅದರ ಆಚೀಚೆ ನೂರಾರು ವರ್ಷಗಳಿಂದ ಮೀನು ಹಿಡಿದ ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರ ಕತೆ ಅಲ್ಲಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ ಮೇಲೆ ಮನೆ, ಗದ್ದೆ, ಕಡಲತಡಿ ಬಿಟ್ಟುಕೊಟ್ಟು ಎದ್ದವರ ಕತೆಯೂ ಇಲ್ಲ. ಅದನ್ನು ನೌಕಾಪಡೆಯವರೇ ಹೇಳಬೇಕು ಅಂತ ಕಾಯುತ್ತ ಕೂತರೆ ಆಗುವುದಿಲ್ಲ. ನಾವೇ ಹೇಳಬೇಕು. ನಿವೃತ್ತಿಯಾದ ಮೇಲೆ ನಮ್ಮ ಕೇರಿಯ ಏಳೆಂಟು ಜನ ಸೇರಿ ಹಳೆಯ ಶಾಲೆಯ ಎರಡು ಕೋಣೆಯಲ್ಲಿ ಒಂದು ಸಣ್ಣ ಮ್ಯೂಸಿಯಂ ಮಾಡಿದೆವು. ಮಾಡಿದ್ದರಲ್ಲಿ ಅರ್ಧ ತಪ್ಪು ಮಾಡಿದೆವು. ಹೊನ್ನಾವರ, ಗಂಗೊಳ್ಳಿ ಕಡೆಯ ಕೆಲವರು "ನಾವೂ ಮಾಡಬೇಕು, ಹೇಗೆ?" ಅಂತ ಕೇಳುತ್ತಿದ್ದಾರೆ. ಅವರಿಗೆ ಬರೆದದ್ದು ಇದು.

ಮೊದಲು ಕಟ್ಟಡ ಬೇಡ

ಎಲ್ಲರೂ ಶುರು ಮಾಡುವುದು ಕಟ್ಟಡದಿಂದ. ಜಾಗ ನೋಡುವುದು, ಅರ್ಜಿ ಹಾಕುವುದು, ಶಾಸಕರನ್ನು ಕಾಣುವುದು. ನಾವೂ ಹಾಗೇ ಒಂದು ಕಚೇರಿಗೆ ಒಂದೂವರೆ ವರ್ಷ ಅಲೆದೆವು. ನಮ್ಮ ಅರ್ಜಿ ಎರಡು ಸಲ ಕಳೆದುಹೋಯಿತು. ಮೂರನೇ ಸಲ ಸಿಕ್ಕಿತು, ಆದರೆ ಬೇರೆ ಊರಿನ ಫೈಲಿನಲ್ಲಿ. ಆ ಒಂದೂವರೆ ವರ್ಷದಲ್ಲಿ ಕೇರಿಯ ಮೂವರು ಹಿರಿಯರು ತೀರಿಕೊಂಡರು. ಅವರ ಮಾತು ರೆಕಾರ್ಡ್ ಮಾಡಿರಲಿಲ್ಲ. ಕಟ್ಟಡಕ್ಕೆ ಕಾಯಬೇಡಿ ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ. ಕಡಲ ಹತ್ತಿರ ಹೊಸದಾಗಿ ಏನು ಕಟ್ಟಬೇಕೆಂದರೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬರುತ್ತದೆ. ಇರುವ ಹಳೆಯ ಕಟ್ಟಡ ಹುಡುಕಿ. ಮುಚ್ಚಿದ ಶಾಲೆ, ಐಸಿನ ಗೋದಾಮು, ಸಹಕಾರಿ ಸಂಘದ ಖಾಲಿ ಕೋಣೆ, ಯಾವುದಾದರೂ ಆಗುತ್ತದೆ. ನಮ್ಮ ಶಾಲೆಯ ಮಾಡು ಹಂಚಿನದು. ಮಳೆಗಾಲದಲ್ಲಿ ಸೋರಿದಾಗ ಹಂಚು ಇಳಿಸಿ ನೋಡಿದರೆ ಅಡಿಯಲ್ಲಿ ಬಾಸೆಲ್ ಮಿಷನ್ ಮುದ್ರೆ. ಮಂಗಳೂರಿನಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆಯ ಹಂಚು ಅದು. ಆ ಕಾಲದಲ್ಲಿ ಹಂಚು ಹೋಗುತ್ತಿದ್ದದ್ದೇ ಕಡಲ ದಾರಿಯಲ್ಲಿ. ಒಡೆದ ಒಂದು ಹಂಚನ್ನು ತೊಳೆದು ಮೇಜಿನ ಮೇಲಿಟ್ಟೆವು. ನಮ್ಮ ಮ್ಯೂಸಿಯಂನ ಮೊದಲ ವಸ್ತು ಅದೇ. ಬಕೆಟ್ ಇಟ್ಟ ಜಾಗದಲ್ಲೇ ಸಿಕ್ಕಿತು.

ಸಂಘ ನೋಂದಣಿ ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಆ ಏಳರಲ್ಲಿ ಮೀನು ಮಾರುವ ಹೆಂಗಸರು ಇಬ್ಬರಾದರೂ ಇರಲಿ. ನಮ್ಮಲ್ಲಿ ಮೊದಲು ಇರಲಿಲ್ಲ. ಅದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಕೆಲಸ ಶುರು ಮಾಡುವ ತಿಂಗಳು

ಜೂನ್ 1ರಿಂದ ಜುಲೈ 31. ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವ 61 ದಿನ. ಬೋಟುಗಳೆಲ್ಲ ದಡ ಸೇರಿರುತ್ತವೆ. ಗಂಡಸರು ಮನೆಯ ಜಗುಲಿಯಲ್ಲಿ ಬಲೆ ರಿಪೇರಿ ಮಾಡುತ್ತ ಕೂತಿರುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಬಾಯಿ ಖಾಲಿ. ಇದಕ್ಕಿಂತ ಒಳ್ಳೆಯ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆಯಾದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.

ಮೊದಲ ಹದಿನೈದು ದಿನ ಏನನ್ನೂ ತರಬೇಡಿ. ಸುಮ್ನೆ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ. ಯಾರ ಅಟ್ಟದಲ್ಲಿ ಏನಿದೆ, ಯಾರ ಕೊಟ್ಟಿಗೆಯಲ್ಲಿ ಯಾವ ಬಲೆ ಇದೆ, ಯಾರಿಗೆ ಯಾವ ಹಾಡು ಬರುತ್ತದೆ ಅಂತ ಬರೆದುಕೊಳ್ಳಿ. ಈಗಲೂ ಬಳಸುತ್ತಿರುವ ವಸ್ತುವನ್ನು ಕೇಳಲೇಬೇಡಿ. ಒಂದು ಬೀಸುಬಲೆಯಲ್ಲಿ ಯಾರದೋ ಮಧ್ಯಾಹ್ನದ ಸಾರು ನಿಂತಿರುತ್ತದೆ. ಅದು ಗೋಡೆಯ ಮೇಲೆ ನೇತಾಡುವುದಕ್ಕಿಂತ ಹೊಳೆಯಲ್ಲಿ ಇರುವುದೇ ಚಂದ.

ಮಾತು ಹಿಡಿಯುವುದು

ದೊಡ್ಡ ಕ್ಯಾಮೆರಾ ಬೇಡ. ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆ ಅಳಿಯನ ಫೋನ್ ಬರುತ್ತದೆ. ಶುರುವಿನಲ್ಲೇ ಅವರ ಹೆಸರು, ತಾರೀಖು, ಜಾಗ ಹೇಳಿ. "ನಿಮ್ಮ ಮಾತು ಇಟ್ಟುಕೊಳ್ಳಬಹುದಾ, ಬೇರೆಯವರಿಗೆ ಕೇಳಿಸಬಹುದಾ" ಅಂತ ಕೇಳಿ. ಅವರು ಹೂಂ ಅನ್ನುವುದೂ ರೆಕಾರ್ಡ್ ಆಗಲಿ.

"ನಿಮ್ಮ ಇತಿಹಾಸ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ನಮ್ದೇನಿದೆ ಅಕ್ಕೋರೇ" ಅನ್ನುತ್ತಾರೆ. "ರಂಪಣಿ ದಿನ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಿದ್ರಿ? ಏನು ತಿಂದು ಹೋಗ್ತಿದ್ರಿ?" ಅಂತ ಕೇಳಿ. ರಂಪಣಿ ಅಂದರೆ ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ದೊಡ್ಡ ಬಲೆ. ತಿಂಡಿಯಿಂದ ಶುರುವಾದ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಬರಲಿ. ಕನ್ನಡಕ್ಕೆ ತಿರುಗಿಸಲು ಹೋಗಿ ಅರ್ಧ ಕಳೆಯಬೇಡಿ. ಕನ್ನಡ ಅಕ್ಷರದಲ್ಲಿ ಹಾಗೇ ಬರೆದುಕೊಳ್ಳಿ. ಅರ್ಥವನ್ನು ಕೆಳಗೆ ಸಣ್ಣದಾಗಿ ಬರೆದರೆ ಆಯಿತು.

ನಮ್ಮ ಕೇರಿಯ ಹಿರಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಒಬ್ಬರಿದ್ದಾರೆ. ಎಂಬತ್ತು ದಾಟಿದೆ. ಮೂರು ದಿನ ಕೂತರೂ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ನಾಲ್ಕನೇ ದಿನ ನನ್ನ ಜೊತೆ ಬಂದ ಹುಡುಗ ಮೊಬೈಲಿನಲ್ಲಿ ಜಿಪಿಎಸ್ ತೋರಿಸಿ, "ಆಗ ಇದಿಲ್ಲದೆ ಕಡಲಡಿಯ ಕಲ್ಲಿನ ಜಾಗ ಹೇಗೆ ಹುಡುಕ್ತಿದ್ರಿ ಅಜ್ಜಾ?" ಅಂದ. ಅಜ್ಜ ಎದ್ದು ಒಲೆಯಿಂದ ಒಂದು ಇದ್ದಿಲ ಚೂರು ತಂದರು. ಜಗುಲಿಯ ಸಿಮೆಂಟಿನ ಮೇಲೆ ಒಂದೇ ಗೆರೆಯಲ್ಲಿ ಘಟ್ಟದ ಸಾಲು ಎಳೆದರು. ಏರು, ಇಳಿ, ಮತ್ತೆ ಏರು. ಕಡಲಿನಿಂದ ನೋಡಿದರೆ ಕಾಣುವ ಹಾಗೆ. ಒಂದು ಏರಿನ ಮೇಲೆ ಚುಕ್ಕೆ ಇಟ್ಟು, "ಇದು ಒಂಟಿ ಮರ" ಅಂದರು. ಅದರ ಕೆಳಗೆ ಇನ್ನೊಂದು ಚುಕ್ಕೆ. "ಇದು ದೇವಸ್ಥಾನದ ಕಳಸ. ಮರವೂ ಕಳಸವೂ ಒಂದರ ಮೇಲೊಂದು ಬರಬೇಕು. ಆ ಕಡೆ ದೇವಗಡ ದ್ವೀಪದ ದೀಪಸ್ತಂಭ ಕುಡ್ಡೆಯ ತುದಿಗೆ ತಾಗಬೇಕು. ಎರಡೂ ಸರಿ ಬಂತಾ, ಕೆಳಗೆ ಕಲ್ಲು. ಅಲ್ಲಿ ಗಾಳ ಬಿಟ್ರೆ ಇಸೋಣ ಮೀನು."

ಎರಡು ಗೆರೆ ಕೂಡುವ ಜಾಗ. ಹೈಸ್ಕೂಲಿನ ರೇಖಾಗಣಿತ, ಅಷ್ಟೇ. ಶಾಲೆಗೇ ಹೋಗದ ಮನುಷ್ಯ ಅದನ್ನು ಅಲೆಯ ಮೇಲೆ ನಿಂತು ಮಾಡುತ್ತಿದ್ದರು. ಅಂತಹ ಹನ್ನೊಂದು ಗುರುತು ಹೇಳಿದರು. ಆ ಒಂಟಿ ಮರ ಈಗಿಲ್ಲ. ಹೆದ್ದಾರಿ ಅಗಲ ಮಾಡುವಾಗ ಗುಡ್ಡದ ಆ ಮೂಲೆಯೇ ಹೋಯಿತು.

ನಾವು ಮಾಡಿದ್ದು ಇಷ್ಟು. ಇದ್ದಿಲ ಚಿತ್ರದ ಫೋಟೋ ತೆಗೆದೆವು. ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಗೆರೆ ತೆಗೆದುಕೊಂಡೆವು. ಮಳೆ ಬಿಟ್ಟ ಮೇಲೆ ಅಜ್ಜನನ್ನೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಐದು ಜಾಗ ಗುರುತು ಹಾಕಿಸಿಕೊಂಡೆವು. ಆದರೆ ಆ ಜಾಗಗಳ ಲೆಕ್ಕವನ್ನು ಗೋಡೆಗೆ ಹಾಕಿಲ್ಲ. ಅಜ್ಜ ಬೇಡ ಅಂದರು. "ದೊಡ್ಡ ಬೋಟಿನವರು ಬಂದು ಬಳಿದುಕೊಂಡು ಹೋಗ್ತಾರೆ" ಅಂದರು. ಅದೂ ನಿಜವೇ. ಗೋಡೆಯ ಮೇಲೆ ಇರುವುದು ಘಟ್ಟದ ಗೆರೆ ಮಾತ್ರ. ಕೊಟ್ಟವರು ಬೇಡ ಅಂದದ್ದನ್ನು ತೋರಿಸಬೇಡಿ. ಇದನ್ನು ನಿಯಮಾವಳಿಯಲ್ಲೇ ಬರೆದಿಡಿ.

ರಿಜಿಸ್ಟರ್, ಚೀಟಿ, ಬೋರ್ಡು

ಬಂದ ಪ್ರತಿ ವಸ್ತುವಿಗೂ ಒಂದು ನಂಬರ್. ವರ್ಷ ಮೊದಲು, ಆಮೇಲೆ ಕ್ರಮಸಂಖ್ಯೆ. 2023-14 ಅಂದರೆ ಆ ವರ್ಷ ಬಂದ ಹದಿನಾಲ್ಕನೆಯದು. ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಬರೆಯಿರಿ, ಕಂಪ್ಯೂಟರ್ ಆಮೇಲೆ. ವಸ್ತುವಿನ ಮೇಲೆ ಪೇಂಟಿನಲ್ಲಿ ನಂಬರ್ ಬರೆಯಬೇಡಿ. ಬಟ್ಟೆಯ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಹತ್ತಿ ದಾರದಲ್ಲಿ ಕಟ್ಟಿ. ಪೆನ್ಸಿಲ್ ಬರಹ ಈ ಹವೆಗೆ ಹರಡುವುದಿಲ್ಲ, ಬಾಲ್‌ಪೆನ್ನಿನದು ಹರಡುತ್ತದೆ.

ರಿಜಿಸ್ಟರಿನಲ್ಲಿ ಒಂದು ಕಾಲಂ ತಪ್ಪದೆ ಇರಲಿ: "ಕೊಟ್ಟದ್ದು" ಅಥವಾ "ಇಡಲು ಕೊಟ್ಟದ್ದು". ಎರಡಕ್ಕೂ ರಸೀದಿ ಕೊಡಿ. ಅಪ್ಪ ಕೊಟ್ಟದ್ದನ್ನು ಮಗ ಬಂದು ಕೇಳುವ ದಿನ ಬಂದೇ ಬರುತ್ತದೆ. ಆ ದಿನ ರಸೀದಿ ಇಲ್ಲದಿದ್ದರೆ ಜಗಳ ಮ್ಯೂಸಿಯಂಗೆ ನಿಲ್ಲುವುದಿಲ್ಲ, ಎರಡು ಮನೆಗೆ ಹರಡುತ್ತದೆ.

ಬೋರ್ಡು ಬರೆಯುವಾಗ ಗೊತ್ತಿರುವುದನ್ನು ಮಾತ್ರ ಬರೆಯಿರಿ. ಚಪಲ್ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತು ಅಂತ ನಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ಎಷ್ಟೋ ಜನ ಈಗಲೂ ಹೇಳುತ್ತಾರೆ. 1971ರ ಡಿಸೆಂಬರಿನಲ್ಲಿ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್. ಅವು ಚಪಲ್‌ನ ಅಕ್ಕಂದಿರು. ಚಪಲ್ ನೌಕಾಪಡೆಗೆ ಬಂದದ್ದೇ ಐದು ವರ್ಷ ಆದ ಮೇಲೆ! ಇಸವಿ ನೋಡಿದ್ದರೆ ಸಾಕಿತ್ತು, ನೋಡಿರಲಿಲ್ಲ.

ನಮ್ಮ ಮ್ಯೂಸಿಯಂನಲ್ಲೂ ಇದೇ ಆಯಿತು. ಒಂದು ಹಳೆಯ ಎಳೆಬಲೆಗೆ "ರಂಪಣಿ" ಅಂತ ಬೋರ್ಡು ಬರೆದು ಹಾಕಿದೆ. ಉದ್ಘಾಟನೆಯ ದಿನ ಒಬ್ಬರು ಅದರ ಮುಂದೆ ನಿಂತು, "ಇದು ರಂಪಣಿ ಆದ್ರೆ ನಾನು ಕಲೆಕ್ಟರು" ಅಂದರು. ಅದು ಯೇಂಡಿ ಬಲೆ. ರಂಪಣಿ ಅದಕ್ಕಿಂತ ಎಷ್ಟೋ ದೊಡ್ಡದು. ಎಳೆಯಲು ಐವತ್ತು ಅರವತ್ತು ಜನ ಬೇಕಾಗುತ್ತಿತ್ತು. ನನಗೆ ನಾಚಿಕೆಯಾಗಬೇಕು, ಯಾಕೆಂದರೆ ನಮ್ಮಪ್ಪನಿಗೇ ರಂಪಣಿಯಲ್ಲಿ ಪಾಲಿತ್ತು. ಹತ್ತು ವರ್ಷದವಳಿದ್ದಾಗ ನಾನೂ ಹಗ್ಗಕ್ಕೆ ಕೈ ಹಾಕಿ ಬೊಗಸೆ ತಾರ್ಲೆ ಮೀನಿನ ಪಾಲು ತಂದಿದ್ದೆ. 1970ರ ದಶಕದ ನಡುವಿಗೆ ಪರ್ಸೀನ್ ಬೋಟು ಬಂತು. ತಾರ್ಲೆ, ಬಂಗಡೆ ಗುಂಪು ದಡಕ್ಕೆ ಬರುವ ಮೊದಲೇ ಅಲ್ಲೇ ಸುತ್ತು ಹಾಕಿ ಹಿಡಿಯತೊಡಗಿದರು. ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು.

ಆ ದಿನದಿಂದ ಪ್ರತಿ ಬೋರ್ಡಿನ ಕೆಳಗೆ ಒಂದು ಪೆನ್ಸಿಲ್ ಕಟ್ಟಿದ್ದೇವೆ, ಒಂದು ಬಿಳಿ ಹಾಳೆ ಅಂಟಿಸಿದ್ದೇವೆ. ತಪ್ಪಿದ್ದರೆ ಬರೆಯಬಹುದು. ಬರೆಯಲು ಬಾರದವರು ಹೇಳಿದರೆ ಮಕ್ಕಳು ಬರೆಯುತ್ತಾರೆ. ಒಂದು ಹಾಳೆಯಲ್ಲಿ ಒಬ್ಬ ಹುಡುಗ "ಅಕ್ಕೋರು ಕೈಬರಹ ಚೆನ್ನಾಗಿಲ್ಲ" ಅಂತ ಬರೆದಿದ್ದಾನೆ. ಅದನ್ನೂ ಫೈಲಿಗೆ ಹಾಕಿದ್ದೇನೆ.

ತೆಗೆದುಕೊಳ್ಳಬಾರದ ವಸ್ತುಗಳು

ಎರಡನೇ ವಾರದಲ್ಲೇ ಒಬ್ಬರು ಗೋಣಿಯಲ್ಲಿ ಸುತ್ತಿ ಗರಗಸ ಮೀನಿನ ಗರಗಸ ತಂದರು. ಅವರ ಅಜ್ಜನ ಕಾಲದ್ದು, ಮೂರು ಅಡಿ ಇತ್ತು. ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಆದರೆ ಗರಗಸ ಮೀನು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ತಿಮಿಂಗಿಲ ಸೊರ, ಕಡಲಕುದುರೆ, ಹವಳ, ಕೆಲವು ಜಾತಿಯ ದೊಡ್ಡ ಶಂಖ, ಕವಡೆ ಎಲ್ಲವೂ ಹೀಗೇ. ಅಜ್ಜನದ್ದಾದರೇನು, ಕಾಗದ ಇಲ್ಲದೆ ಇಟ್ಟುಕೊಂಡರೆ ಕೇಸು ನಿಮ್ಮ ಮೇಲೆ. ತೆಗೆದುಕೊಳ್ಳುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ನಾವು ಅದರ ಫೋಟೋ ತೆಗೆದು, ಅಳತೆ ಬರೆದುಕೊಂಡು, ವಸ್ತುವನ್ನು ಮುಟ್ಟದೆ ಇಲಾಖೆಯ ದಾರಿ ತೋರಿಸಿದೆವು.

ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ಲೋಹದ ಮೂರ್ತಿ, ನಾಣ್ಯ ಬಂದರೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಪುರಾತತ್ವ ಇಲಾಖೆಗೆ ತಿಳಿಸಿ. ಬಲೆಗೆ ಸಿಕ್ಕಿ ಬಂದ ಹಳೆಯ ಲಂಗರು, ಮಡಕೆ, ಫಿರಂಗಿ ಗುಂಡು ಕೂಡ ಹಾಗೇ. ಗುಂಡಿನ ತರಹ ಏನಾದರೂ ಸಿಕ್ಕರೆ ಮೊದಲ ಫೋನು ಪೊಲೀಸರಿಗೆ.

ಉಪ್ಪು ಗಾಳಿಯಲ್ಲಿ ವಸ್ತು ಉಳಿಸುವುದು

ಇದರಲ್ಲಿ ನಾವು ತಿಂದ ಪೆಟ್ಟು ಜಾಸ್ತಿ. ಮೊದಲನೆಯದು ಪಾತಿ ದೋಣಿ. ಎರಡು ತಲೆಮಾರು ದುಡಿದ ದೋಣಿ, ಮಾವಿನ ಮರದ್ದು. ನಾವು ಅದನ್ನು ಅಂಗಳದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ಬಿಸಿಲಿಗೆ ಕೂರಿಸಿದೆವು. ಚಂದ ಕಾಣಲಿ ಅಂತ ನೀಲಿ ಎನಾಮಲ್ ಪೇಂಟ್ ಬಳಿದೆವು. ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ತೆಂಗಿನಕಾಯಿ ಒಡೆದ ಹಾಗೆ ಸದ್ದು. ಹೋಗಿ ನೋಡಿದರೆ ಮೂತಿಯಿಂದ ನಡುವಿನವರೆಗೆ ಸೀಳು. ಒಳಗೆ ಉಪ್ಪುನೀರು ಕುಡಿದ ಮರ ಅದು. ಪೇಂಟು ಮೈ ಮುಚ್ಚಿತ್ತು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಸಿಮೆಂಟಿನ ತೇವ. ಸೀಳದೆ ಏನು ಮಾಡೀತು?

ನೀವು ಹೀಗೆ ಮಾಡಿ. ದೋಣಿಗೆ ಮಾಡು ಬೇಕೇ ಬೇಕು, ಮಡಲಿನದಾದರೂ ಸರಿ. ನೆಲಕ್ಕೆ ತಾಗದ ಹಾಗೆ ಮೂರು ನಾಲ್ಕು ಕಡೆ ಮರದ ದಿಮ್ಮಿ ಕೊಟ್ಟು ಕೂರಿಸಿ. ದೋಣಿಯ ಭಾರ ಎಲ್ಲ ದಿಮ್ಮಿಗೂ ಸಮವಾಗಿ ಬೀಳಬೇಕು. ಅಡಿಯಲ್ಲಿ ಗಾಳಿಯಾಡಬೇಕು. ಪೇಂಟ್ ಬೇಡ. ನಮ್ಮ ಹಿರಿಯರು ಬಳಿಯುತ್ತಿದ್ದ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಸಾಕು. ವರ್ಷಕ್ಕೊಮ್ಮೆ, ಮಳೆಗೆ ಮೊದಲು. ಸಿಪ್ಪೆ ಎಣ್ಣೆ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ವಾಸನೆ ಎರಡು ವಾರ ಇರುತ್ತದೆ. ಪೇಟೆಯಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೇರಿಯವರು "ಈಗ ದೋಣಿ ಅನ್ನಿಸ್ತು ನೋಡಿ" ಅನ್ನುತ್ತಾರೆ.

ನೀರಿನಡಿ ವರ್ಷಗಟ್ಟಲೆ ಮುಳುಗಿದ್ದ ಮರ ಸಿಕ್ಕರೆ ಮಾತ್ರ ಒಣಗಿಸಲು ಹೋಗಬೇಡಿ. ಒಣಗಿದರೆ ಮುದುಡಿ ಪುಡಿಯಾಗುತ್ತದೆ. ನೀರಿನಲ್ಲೇ ಇಟ್ಟು ಬಲ್ಲವರನ್ನು ಕರೆಯಿರಿ.

ಕಬ್ಬಿಣದ ಲಂಗರಿನ ಕತೆ ಬೇರೆ. ಮೇಲಿನ ತುಕ್ಕು ಕೆರೆದು ಪೇಂಟ್ ಹೊಡೆದರೆ ಆರು ತಿಂಗಳಲ್ಲಿ ಪೇಂಟಿನ ಅಡಿಯಿಂದ ಪದರ ಪದರವಾಗಿ ಎದ್ದು ಬರುತ್ತದೆ. ಶತ್ರು ತುಕ್ಕಲ್ಲ, ಒಳಗೆ ಕೂತ ಉಪ್ಪು. ಅದನ್ನು ಹೊರಗೆ ತೆಗೆಯಬೇಕು. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ವಾಷಿಂಗ್ ಸೋಡಾ ಕರಗಿಸಿ ಲಂಗರು ಮುಳುಗಿಸಿಡಿ. ನಮ್ಮ ಕಡೆಯ ಬಾವಿ ನೀರಿನಲ್ಲೇ ಉಪ್ಪಿರುತ್ತದೆ, ಹಾಗಾಗಿ ಮಳೆನೀರು ಹಿಡಿದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ನೀರು ಬದಲಿಸಿ. ಉಪ್ಪು ಇಳಿಯಿತಾ ಅಂತ ನೋಡಲು ಹತ್ತಿರದ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಒಂದು ಬಾಟಲಿ ನೀರು ಕೊಂಡೊಯ್ಯಿರಿ. ಮೊದಲು ನೈಟ್ರಿಕ್ ಆಮ್ಲ ಹಾಕಿ ಸೋಡಾ ಕೊಲ್ಲಬೇಕು. ಆಮೇಲೆ ಸಿಲ್ವರ್ ನೈಟ್ರೇಟ್ ಎರಡು ಹನಿ. ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪು ಇನ್ನೂ ಇದೆ. ನಮ್ಮ ಲಂಗರು ಒಂಬತ್ತು ತಿಂಗಳು ಟಬ್ಬಿನಲ್ಲಿತ್ತು. ಪಿಯು ಮಕ್ಕಳು ತಿಂಗಳಿಗೊಮ್ಮೆ ತಾವಾಗೇ ಬಂದು ಬಾಟಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಉಪ್ಪು ಇಳಿದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೇಣ ಹಚ್ಚಿಡಿ.

ಬಲೆಗೆ ಇಲಿಯೇ ಯಮ. ಮಡಿಸಿಡಬೇಡಿ, ಮಡಿಕೆಯಲ್ಲೇ ಹರಿಯುತ್ತದೆ. ದಪ್ಪ ಪೈಪಿಗೆ ಹಳೆಯ ಹತ್ತಿ ಸೀರೆ ಸುತ್ತಿ ಅದರ ಮೇಲೆ ಬಲೆ ಸುತ್ತಿ. ಫೋಟೋಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಸ್ಕ್ಯಾನ್ ಮಾಡಿಕೊಂಡು ಮೂಲ ಫೋಟೋವನ್ನು ಮನೆಯವರಿಗೇ ವಾಪಸು ಕೊಡಿ. ಗೋಡೆಯ ಮೇಲಿನ ಅಪ್ಪನ ಫೋಟೋ ಮ್ಯೂಸಿಯಂಗಿಂತ ಮನೆಯಲ್ಲೇ ಇರಲಿ.

ಬಾಗಿಲು ತೆರೆದಿರಬೇಕಾದರೆ

ಉದ್ಘಾಟನೆಯಾದ ಮೇಲೆ ಮೂರು ತಿಂಗಳು ಯಾರೂ ಬರಲಿಲ್ಲ. ಬಂದದ್ದು ನಾನು, ಬೆಕ್ಕು. ಆಗ ಬುದ್ಧಿ ಬಂತು. ಹಳೆಯ ಸಾಮಾನು ನೋಡಲು ದಿನಾ ಯಾರು ಬರುತ್ತಾರೆ? ಅವರಿಗೆ ಬೇರೆ ಕೆಲಸ ಇರಬೇಕು ಅಲ್ಲಿ.

ಬಾಗಿಲ ಪಕ್ಕ ಒಂದು ಕರಿಹಲಗೆ ಹಾಕಿದೆವು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಎಚ್ಚರಿಕೆ, ಮೀನು ಸಿಗಬಹುದಾದ ಜಾಗದ ಮಾಹಿತಿ ಕೊಡುತ್ತದೆ. ಪ್ರೌಢಶಾಲೆಯ ಮಕ್ಕಳು ಪಾಳಿಯಲ್ಲಿ ಅದನ್ನು ನೋಡಿ ಹಲಗೆಯ ಮೇಲೆ ಬರೆಯುತ್ತಾರೆ. ಮೇಲೆ ದೊಡ್ಡದಾಗಿ ಕೋಸ್ಟ್ ಗಾರ್ಡಿನ 1554 ನಂಬರ್. ಈಗ ಬೆಳಿಗ್ಗೆ ಹಲಗೆ ನೋಡಲು ಬಂದವರು ಒಂದು ನಿಮಿಷ ಒಳಗೂ ಇಣುಕುತ್ತಾರೆ. ಶನಿವಾರ ಮಧ್ಯಾಹ್ನ ಬಲೆ ಹೆಣೆಯುವುದನ್ನು ಹಿರಿಯರು ಹುಡುಗರಿಗೆ ಕಲಿಸುತ್ತಾರೆ. ಹುಡುಗಿಯರೂ ಬರುತ್ತಾರೆ, ಅವರ ಗಂಟು ಹೆಚ್ಚು ಬಿಗಿ.

ಮೀನು ಮಾರುವ ಹೆಂಗಸರ ವಿಷಯ ಹೇಳುತ್ತೇನೆ ಅಂದಿದ್ದೆ. ಮೊದಲ ವರ್ಷ ನಮ್ಮಲ್ಲಿದ್ದದ್ದೆಲ್ಲ ಗಂಡಸರ ಸಾಮಾನು. ಬಲೆ, ಹುಟ್ಟು, ಲಂಗರು. ಒಬ್ಬ ಆಯಿ ಒಳಗೆ ಬಂದು ಸುತ್ತ ನೋಡಿ, "ಹಿಡಿದವರೆಲ್ಲ ಇದ್ದಾರೆ, ಮಾರಿದವರು ಎಲ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅವರೇ ತಮ್ಮ ಬುಟ್ಟಿ, ಸಿಂಬಿ, ಸೊಂಟದ ಸಂಚಿ ತಂದರು. ಸಿಂಬಿಯ ನಡುವೆ ತಲೆಯ ಆಕಾರಕ್ಕೇ ತಗ್ಗು ಬಿದ್ದಿದೆ. ಯಾವ ಊರಿಗೆ ಯಾವ ದಾರಿ, ಯಾವ ಮನೆಯಲ್ಲಿ ಸುಗ್ಗಿಯಲ್ಲಿ ಮೀನಿಗೆ ಅಕ್ಕಿ ಕೊಡುತ್ತಿದ್ದರು, ಯಾವ ಮನೆಯ ನಾಯಿ ಕಚ್ಚುತ್ತಿತ್ತು, ಎಲ್ಲ ಹೇಳಿದರು. ಈಗ ಅವರು ನಮ್ಮ ಸಂಘದ ಖಜಾಂಚಿ. ಒಂದು ರೂಪಾಯಿ ಆಚೀಚೆ ಆಗುವುದಿಲ್ಲ.

ವಸ್ತು ಹೊರಗೂ ಹೋಗಲಿ. ನಮ್ಮ ಹಳೆಯ ಶಂಖ, ಹಾಯಿಯ ಬಟ್ಟೆ ನೂಲು ಹುಣ್ಣಿಮೆ ಪೂಜೆಗೆ, ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿ ಬರುತ್ತವೆ. ರಿಜಿಸ್ಟರಿನಲ್ಲಿ ಹೋದ ದಿನ, ಬಂದ ದಿನ ಬರೆಯುತ್ತೇವೆ.

ಮುಂದಿನ ಐದು ವರ್ಷಕ್ಕೆ ಒಂದು ಹಾಳೆ

ಗುಜರಾತಿನ ಲೋಥಲ್‌ನಲ್ಲಿ ಸರ್ಕಾರ ಕಡಲ ಪರಂಪರೆಯ ದೊಡ್ಡ ಸಂಕೀರ್ಣ ಕಟ್ಟುತ್ತಿದೆ. ಕಟ್ಟಲಿ. ನಮಗೆ ಹತ್ತಿರ ಅನ್ನಿಸುವುದು ನೆದರ್ಲೆಂಡ್ಸ್‌ನ ಎಂಕಾಯ್ಜನ್ ಊರಿನ ಮ್ಯೂಸಿಯಂ. ಅಲ್ಲಿ 1932ರಲ್ಲಿ ಒಡ್ಡು ಕಟ್ಟಿ ಝೌಡರ್‌ಝೀ ಅನ್ನುವ ಒಳಗಡಲನ್ನೇ ಮುಚ್ಚಿದರು. ಅದನ್ನು ನಂಬಿದ್ದ ಮೀನುಗಾರಿಕೆ ಹೋಯಿತು. ಆಮೇಲೆ ಆ ಊರುಗಳ ಮನೆ, ದೋಣಿ, ಹೊಗೆ ಹಾಕಿ ಮೀನು ಒಣಗಿಸುವ ಗೂಡು ಎಲ್ಲ ಸೇರಿಸಿ ಮ್ಯೂಸಿಯಂ ಮಾಡಿದರು. ಅದರಿಂದ ನಾನು ಕಲಿತದ್ದು ಒಂದೇ. ಹೋದ ಮೇಲೆ ಕೂಡಿಸುವುದು ಬಹಳ ದುಡ್ಡಿನ ಕೆಲಸ, ಇರುವಾಗಲೇ ಶುರು ಮಾಡಿದರೆ ಅಗ್ಗ.

ಯೋಜನೆ ಅಂದ ಕೂಡಲೇ ಐವತ್ತು ಪುಟ ಬರೆಸಬೇಡಿ. ನಮ್ಮದು ಒಂದೇ ಹಾಳೆ, ಗೋಡೆಗೆ ಅಂಟಿಸಿದೆ. ಅದರಲ್ಲಿ ಇರುವುದು: ಘಟ್ಟದ ಗುರುತುಗಳ ಉಳಿದ ಆರು ಜಾಗ ಹುಡುಕುವುದು. ಮರದ ದೋಣಿ ಮಾಡಬಲ್ಲ ಆಚಾರಿಗಳು ಇಬ್ಬರೇ ಉಳಿದಿದ್ದಾರೆ, ಅವರ ಕೈಯಲ್ಲಿ ಒಂದು ಸಣ್ಣ ದೋಣಿ ಮಾಡಿಸಿ ಪ್ರತಿ ಹಂತದ ವಿಡಿಯೋ ತೆಗೆಯುವುದು. ಈಗ ಎಲ್ಲ ಫೈಬರ್ ದೋಣಿ. ಆ ಮಾಡಿದ ದೋಣಿಯನ್ನು ಮ್ಯೂಸಿಯಂನಲ್ಲಿ ಇಡುವುದಿಲ್ಲ, ನೀರಿಗೇ ಇಳಿಸುತ್ತೇವೆ. ಸೀಬರ್ಡ್‌ನಿಂದ ಎದ್ದು ಬಂದ ಮನೆಗಳ ಹಿರಿಯರ ಮಾತು ರೆಕಾರ್ಡ್ ಮಾಡುವುದು, ಇದಕ್ಕೆ ಬೇರೆ ಊರುಗಳಿಗೆ ಹೋಗಬೇಕು, ಬಸ್ ಖರ್ಚು ಇದೆ. ಎಲ್ಲ ರೆಕಾರ್ಡಿಂಗ್ ಮೂರು ಕಡೆ ಇಡುವುದು, ಒಂದು ಪ್ರತಿ ಕಡಲಿನಿಂದ ದೂರ, ಶಿರಸಿಯ ನನ್ನ ತಂಗಿಯ ಮನೆಯಲ್ಲಿ.

ಇನ್ನೊಂದು ಕೆಲಸ ಮಕ್ಕಳದ್ದು. ಶಾಲೆಯ ಹಿಂದಿನ ಗಡಿಕಲ್ಲಿನಿಂದ ಉಬ್ಬರದ ಗೆರೆಗೆ ಎಷ್ಟು ಮೀಟರ್ ಅಂತ ಪ್ರತಿ ಹುಣ್ಣಿಮೆಗೆ ಟೇಪು ಹಿಡಿದು ಅಳೆಯುತ್ತಾರೆ. ಕಡಲು ದಡ ತಿನ್ನುವುದನ್ನು ನಾವು ಕಣ್ಣಲ್ಲಿ ನೋಡುತ್ತಿದ್ದೇವೆ, ಆದರೆ ಕಚೇರಿಯಲ್ಲಿ ಲೆಕ್ಕ ಕೇಳುತ್ತಾರೆ. ಲೆಕ್ಕ ಇರಲಿ ಅಂತ. ಮೊದಲ ವರ್ಷದ ಹನ್ನೆರಡು ಅಳತೆಯಲ್ಲಿ ಎರಡು ತಪ್ಪಿವೆ, ಆ ಎರಡು ಹುಣ್ಣಿಮೆ ಪರೀಕ್ಷೆ ಇತ್ತು.

ಹಾಳೆಯ ಕೊನೆಯ ಸಾಲು "ಬೀಗದ ಕೈ". ನನಗೆ ವಯಸ್ಸಾಯಿತು. ಇಂತಹ ಕೋಣೆಗಳು ಮುಚ್ಚುವುದು ದುಡ್ಡಿಲ್ಲದೆ ಅಲ್ಲ, ಬೀಗದ ಕೈ ಒಬ್ಬರ ಸೊಂಟದಲ್ಲೇ ಉಳಿದು ಮುಚ್ಚುತ್ತವೆ. ಅದಕ್ಕೆ ಮೂರು ಕೈ ಮಾಡಿಸಿದ್ದೇವೆ. ಒಂದು ಖಜಾಂಚಿ ಆಯಿಯ ಹತ್ತಿರ, ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಹುಡುಗಿಯ ಹತ್ತಿರ, ಒಂದು ನನ್ನ ಹತ್ತಿರ. ಆ ಹುಡುಗಿ ಬಂದ ಮೊದಲ ವಾರವೇ ನನ್ನ ಮೇಜನ್ನು ಕಿಟಕಿಯಿಂದ ಎತ್ತಿ ಮೂಲೆಗೆ ಹಾಕಿಸಿದಳು. ಬೆಳಕು ಬಲೆಗೆ ಬೇಕಂತೆ. ಸ್ವಲ್ಪ ಸಿಟ್ಟು ಬಂತು. ಬಲೆ ಈಗ ಚೆನ್ನಾಗಿ ಕಾಣುತ್ತದೆ.

ನೀವು ಶುರು ಮಾಡುವುದಾದರೆ ಈಗ ಬೇಕಾದದ್ದು ಇಷ್ಟೇ: ಇನ್ನೂರು ಪುಟದ ರಟ್ಟಿನ ರಿಜಿಸ್ಟರ್, ಎರಡು ಡಜನ್ ಪೆನ್ಸಿಲ್, ಹತ್ತಿ ದಾರದ ಉಂಡೆ, ರಸೀದಿ ಪುಸ್ತಕ. ಮೇ ಕೊನೆಗೆ ತಂದಿಟ್ಟುಕೊಳ್ಳಿ. ಜೂನ್ ಒಂದಕ್ಕೆ ಬೋಟುಗಳು ದಡಕ್ಕೆ ಬರುತ್ತವೆ.